ಕಲ್ಯಾಣದುರ್ಗದ ಹುರುಳಿ ಚೀಲ

ಗಂಡನಿಂದ ದೂರ ಇರುವ ಹೆಂಗಸರಿಗೆ ಏನೇನೋ ಉಡುಗೊರೆಗಳು ಬರುತ್ತವಂತೆ. ಸೀರೆ ಬರುತ್ತದಂತೆ, ಬೆಳಗಾದರೆ ಫೋನಿಗೆ ಗುಲಾಬಿ ಹೂವಿನ ಚಿತ್ರ ಬರುತ್ತದಂತೆ. ನನಗೆ ಹುರುಳಿ ಬರುತ್ತದೆ. ವಾರಕ್ಕೊಂದು ಚೀಲ, ಬಾಯಿಗೆ ಗೋಣಿದಾರದ ಹೊಲಿಗೆ ಹಾಕಿಸಿಕೊಂಡು, ಕಲ್ಯಾಣದುರ್ಗದ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಗಂಭೀರವಾಗಿ ಕೂತು ಹಿಂದೂಪುರಕ್ಕೆ ಬರುತ್ತದೆ. ಕಂಡಕ್ಟರ್ ನಾಗರಾಜು ಅದನ್ನು ಇಳಿಸಿಕೊಡುವಾಗಲೆಲ್ಲ, "ಅಕ್ಕಾ, ಮನ್ಯಾಗೆ ಕುದ್ರೆ ಏನಾದ್ರೂ ಸಾಕಿದೀರಾ?" ಎಂದು ಕೇಳುತ್ತಾನೆ. ಮೊದಮೊದಲು ನಗುತ್ತಿದ್ದೆ. ಈಗ "ಹೂಂ, ಎರಡು ಕಾಲಿಂದು" ಎಂದು ಹೇಳಿ ಚೀಲವನ್ನು ಸೊಂಟಕ್ಕೇರಿಸಿಕೊಂಡು ಹೊರಟುಬಿಡುತ್ತೇನೆ.

ನಾನು ಹಿಂದೂಪುರದ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮ ಯಜಮಾನರದು ಕಲ್ಯಾಣದುರ್ಗದ ಪೇಟೆಬೀದಿಯಲ್ಲಿ ಅಪ್ಪನ ಕಾಲದಿಂದ ಬಂದ ಕಾಳಿನ ಅಂಗಡಿ. ಮದುವೆಯಾದಾಗ ನನ್ನ ಕೆಲಸ ಅಲ್ಲಿಗೆ ಬರುವಂತಿರಲಿಲ್ಲ, ಅವರ ಅಂಗಡಿ ಇಲ್ಲಿಗೆ ಬರುವಂತಿರಲಿಲ್ಲ. ಹಾಗಾಗಿ ಶನಿವಾರ ಸಂಜೆ ನಾನು ಬಸ್ಸು ಹತ್ತುವುದು, ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮತ್ತೆ ಬಸ್ಸು ಹತ್ತುವುದು ಎಂದಾಯಿತು. ಈಚೆಗೆ ರಕ್ತನಿಧಿಯಲ್ಲಿ ಜನ ಕಮ್ಮಿಯಾಗಿ ಎಷ್ಟೋ ಶನಿವಾರಗಳು ಕೈತಪ್ಪಿಹೋಗುತ್ತವೆ. ನಾನು ಹೋಗದ ವಾರವೂ ಹುರುಳಿ ತಪ್ಪದೆ ಬರುತ್ತದೆ. ಸಾರು ಮಾಡಿದೆ, ಬಸ್ಸಾರು ಮಾಡಿದೆ, ಚಟ್ನಿಪುಡಿ ಮಾಡಿದೆ, ವಡೆ ಮಾಡಲು ಹೋಗಿ ಎಣ್ಣೆ ಕೆಡಿಸಿಕೊಂಡೆ. ಡಬ್ಬಗಳೆಲ್ಲ ತುಂಬಿ, ಕೊನೆಗೆ ಪ್ರೆಷರ್ ಕುಕ್ಕರಿನೊಳಗೂ ಹುರುಳಿ ತುಂಬಿಟ್ಟು, ಬೇಯಿಸಲು ಪಾತ್ರೆ ಹುಡುಕುವ ಗತಿ ಬಂತು. ಪಕ್ಕದ ಮನೆಯಾಕೆ ನಾನು ಬಟ್ಟಲು ಹಿಡಿದು ಬರುವುದನ್ನು ಕಿಟಕಿಯಲ್ಲಿ ನೋಡಿದರೆ ಸಾಕು, "ಇವತ್ತು ನಾನು ಒಪ್ಪತ್ತು ಕಣಮ್ಮ" ಎಂದು ಒಳಗಿನಿಂದಲೇ ಕೂಗುತ್ತಾಳೆ. ಆಕೆಯಷ್ಟು ಒಪ್ಪತ್ತು ಮಾಡುವ ಭಕ್ತೆ ಹಿಂದೂಪುರದಲ್ಲಿ ಇನ್ನೊಬ್ಬಳಿಲ್ಲ.

ಹುರುಳಿಯ ಜೊತೆಗೆ ಒಂದು ಮಾತು ಬಂದಿದ್ದರೆ ನಾನು ಇಷ್ಟು ಗೊಣಗುತ್ತಿರಲಿಲ್ಲ. ನಮ್ಮ ಯಜಮಾನರು ಕೆಟ್ಟವರಲ್ಲ, ಒರಟರಲ್ಲ, ಬರೀ ಮಾತಿಲ್ಲದವರು. ಗಿರಾಕಿಗಳ ಹತ್ತಿರ ಕಾಳಿನ ಗುಣವನ್ನು ಅರ್ಧ ಗಂಟೆ ವರ್ಣಿಸಬಲ್ಲರು. ಹೆಂಡತಿಯ ಮುಂದೆ ನಾಲಿಗೆ ಏಳುವುದಿಲ್ಲ. ದಿನಾ ಸಂಜೆ ಅವರ ಫೋನು ಬರುತ್ತದೆ.

"ಉಂಡ್ಯೇನಮ್ಮಿ?"

"ಉಂಡೆ. ನೀವು?"

"ಊಂ. ಹುರುಳಿ ಬಂತಾ?"

"ಬಂತು."

"ಆಯ್ತು, ಮಡಗ್ತೀನಿ."

ನಮ್ಮ ಫೋನನ್ನು ಯಾರಾದರೂ ಕದ್ದು ಕೇಳುತ್ತಿದ್ದರೆ ಎರಡನೇ ದಿನವೇ ಬೇಸತ್ತು ಬೇರೆ ಕೆಲಸ ನೋಡಿಕೊಂಡಿರುತ್ತಾರೆ. ಫೋನಿಟ್ಟ ಮೇಲೆ ಅವರು ಅಂಗಡಿಯ ಹಲಗೆಯ ಮೇಲೆ ಕಾಲು ಮಡಿಸಿ ಕೂತಿರುವುದು, ಅಂಗಿಯ ತೋಳಿಗೆ ಹತ್ತಿದ ಕಾಳಿನ ಧೂಳು, ಅದರ ಘಮ ಎಲ್ಲ ನೆನಪಾಗಿ, ಡಬ್ಬದ ಮುಚ್ಚಳ ತೆಗೆದು ಹುರುಳಿಯನ್ನು ಮೂಸಿ ನೋಡುತ್ತೇನೆ. ಈ ವಯಸ್ಸಿನಲ್ಲಿ ಇದೇನು ಎಂದು ನಾಚಿಕೆಯೂ ಆಗುತ್ತದೆ.

ಈ ವರ್ಷ ಕಲ್ಯಾಣದುರ್ಗದ ಆಸ್ಪತ್ರೆಯಲ್ಲಿ ನನ್ನಂಥವರ ಒಂದು ಜಾಗ ಖಾಲಿಯಾಯಿತು. ಕೇಳಿದರೆ ವರ್ಗ ಸಿಕ್ಕೀತು ಎಂದು ಆಫೀಸಿನವರು ಹೇಳಿದರು. ಒಂದು ಭಾನುವಾರ ಅಂಗಡಿಯಲ್ಲಿ ಯಜಮಾನರು ಹೆಸರುಕಾಳು ಜರಡಿ ಹಿಡಿಯುತ್ತಿದ್ದಾಗ ವಿಷಯ ತೆಗೆದೆ. ಜರಡಿ ಒಂದು ಕ್ಷಣ ನಿಂತಿತು. "ನಿನ್ನಿಷ್ಟ ಕಣಮ್ಮಿ" ಎಂದರು. ಜರಡಿ ಮತ್ತೆ ಆಡತೊಡಗಿತು. ನನಗೆ ಬೇಕಾಗಿದ್ದದ್ದು "ಬಾ" ಎನ್ನುವ ಒಂದೇ ಅಕ್ಷರ. ಆ ಅಕ್ಷರ ಅವರ ಬಾಯಿಂದ ಬರುವ ತನಕ ವರ್ಗಕ್ಕೆ ಬರೆದುಕೊಡುವುದಿಲ್ಲ ಎಂದು ನಾನೂ ಹಟ ಹಿಡಿದೆ. ಕರೆಯದ ಮನೆಗೆ ಹೋಗಿ ಕೂರಲು ನಾನೇನು ನೆಂಟಳೇ?

ಹೀಗಿರುವಾಗ ನಮ್ಮ ರಕ್ತನಿಧಿಗೆ ಸೋಮಂದೇಪಲ್ಲಿಯ ಕಡೆಯ ಒಬ್ಬ ಹೊಸ ಡಾಕ್ಟರು ಬಂದರು. ಹರಿತಾ ಎಂದು ಹೆಸರು. ನನಗಿಂತ ಎಷ್ಟೋ ಚಿಕ್ಕವರು, ಮನೆಮಾತು ತೆಲುಗು, ಕಂಡದ್ದನ್ನೆಲ್ಲ ಹೇಳಿಕೊಡುವ ಉತ್ಸಾಹ. ಒಂದು ದಿನ ಫ್ರಿಜ್ಜಿನಿಂದ ಒಂದು ಪುಟ್ಟ ಬಾಟಲಿ ತೆಗೆದು, "ಅಕ್ಕಾ, ಇದರಾಗೆ ಏನೈತೆ ಗೊತ್ತಾ? ಉಲವಲು! ನಿಮ್ ಹುರುಳಿ ಕಣಕ್ಕಾ" ಎಂದರು. ನಾನು ಹೌಹಾರಿದೆ. ಮನೆಯಲ್ಲಿ ಆಯಿತು, ಕುಕ್ಕರಿನಲ್ಲಿ ಆಯಿತು, ಇನ್ನು ಆಫೀಸಿನ ಫ್ರಿಜ್ಜಿಗೂ ಬಂದುಬಿಟ್ಟಿತೇ! ಆ ಬಾಟಲಿಯನ್ನು ನಾನು ಎಷ್ಟೋ ವರ್ಷದಿಂದ ಬಳಸುತ್ತಿದ್ದೆ. ಅದರ ಹೆಸರು ಲೆಕ್ಟಿನ್ ಎಂದು ಗೊತ್ತಿತ್ತು, ಕುಲಗೋತ್ರ ಕೇಳಿರಲಿಲ್ಲ.

ವಿಷಯ ಇಷ್ಟು. ನಮ್ಮ ರಕ್ತದ ಕಣಗಳ ಮೈಮೇಲೆ ಬಗೆಬಗೆಯ ಸಕ್ಕರೆಗಳ ಹೊದಿಕೆ ಇರುತ್ತದೆ. ಎ ಗುಂಪಿನವರಿಗೆ ಒಂದು ಬಗೆ, ಬಿ ಗುಂಪಿನವರಿಗೆ ಇನ್ನೊಂದು. ಹಸಿ ಹುರುಳಿಯೊಳಗೆ ಈ ಎ ಸಕ್ಕರೆಯನ್ನು ಗುರುತು ಹಿಡಿದು ಅಂಟಿಕೊಳ್ಳುವ ಒಂದು ಪ್ರೋಟೀನು ಇದೆ. ಎ ಗುಂಪಿನಲ್ಲೇ ಹೆಚ್ಚಿನವರಿಗೆ ಆ ಸಕ್ಕರೆ ದಟ್ಟವಾಗಿರುತ್ತದೆ, ಅವರು ಎ-ಒನ್. ಕೆಲವರಿಗೆ ತೆಳುವಾಗಿರುತ್ತದೆ, ಅವರು ಎ-ಟು. ಹುರುಳಿಯ ನೀರು ಎ-ಒನ್ ಕಣಗಳನ್ನು ಕಂಡರೆ ಸಾಕು, ಒಂದಕ್ಕೊಂದು ಅಂಟಿಸಿ ಗಂಟು ಕಟ್ಟುತ್ತದೆ. ಎ-ಟು ಕಣಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬೇಯಿಸಿಬಿಟ್ಟರೆ ಆ ಅಂಟು ಸತ್ತುಹೋಗುತ್ತದೆ, ಆದ್ದರಿಂದ ಸಾರು ಉಣ್ಣುವವರು ಹೆದರಬೇಕಾಗಿಲ್ಲ. ಇದನ್ನು ಪಕ್ಕದ ಮನೆಯಾಕೆಗೆ ಹೇಳಬಾರದಿತ್ತು. ಈಗ ಆಕೆ ಒಪ್ಪತ್ತನ್ನೂ ಬಿಟ್ಟು, "ರಕ್ತ ಗಟ್ಟಿಯಾಗ್ತದಂತೆ, ನಂಗೆ ಬ್ಯಾಡ" ಎನ್ನುತ್ತಾಳೆ.

ಹರಿತಾ ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಇಂಥ ಅಂಟು ನಮ್ಮ ಮೈಯೊಳಗೂ ಇದೆಯಂತೆ. ಕಾವಲಿಗೆ ತಿರುಗುವ ಬಿಳಿಯ ಕಣಗಳು ರಕ್ತದ ಜೊತೆ ಓಡುತ್ತಾ ಇರುವಾಗ, ಗಾಯವಾದ ಕಡೆ ನಾಳದ ಗೋಡೆ ಅವುಗಳ ಮೈಮೇಲಿನ ಸಕ್ಕರೆಯನ್ನು ಮೆಲ್ಲಗೆ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಉರುಳಿಸುತ್ತಾ ನಿಧಾನ ಮಾಡಿಸುತ್ತದಂತೆ. ಆಮೇಲೆ ಅವು ನಿಂತು ಇಳಿಯುತ್ತವಂತೆ. ನನಗೆ ಥಟ್ಟನೆ ಕಲ್ಯಾಣದುರ್ಗದ ಬಸ್ಸು ನೆನಪಾಯಿತು. ಅದೂ ಕೈ ಒಡ್ಡಿದ ಕಡೆಯೆಲ್ಲ ಹಾಗೇ ನಿಧಾನವಾಗುತ್ತದೆ. ಅಷ್ಟೇ ಅಲ್ಲ, ಎದುರಿಗೆ ಸಿಕ್ಕ ಕಣದ ಮೇಲಿನ ಸಕ್ಕರೆಯನ್ನು ಮುಟ್ಟಿ ನೋಡಿ, ಇದು ನಮ್ಮದೇ ಎಂದು ಗೊತ್ತಾದರೆ ಕಾವಲಿನ ಕಣಗಳು ಸಿಟ್ಟು ಇಳಿಸಿಕೊಳ್ಳುತ್ತವಂತೆ. ಹೊರಗಿನದನ್ನು ಹಿಡಿಯುವ ಆ್ಯಂಟಿಬಾಡಿಯ ಕಾಲಿನಲ್ಲೂ ಚೂರು ಸಕ್ಕರೆ ಇದೆಯಂತೆ. ಅದರಲ್ಲಿ ಕೊಂಚ ಹೆಚ್ಚುಕಮ್ಮಿಯಾದರೆ ಉಳಿದ ಕಣಗಳು ಜಗಳಕ್ಕೆ ನಿಲ್ಲಬೇಕೋ ಸುಮ್ಮನಾಗಬೇಕೋ ಎನ್ನುವುದೂ ಬದಲಾಗುತ್ತದಂತೆ. "ಎಲ್ಲಾ ಮುಟ್ಟಿ ಮಾತಾಡೋದೇ ಅಕ್ಕಾ, ಅವಕ್ಕೆ ಬಾಯಿಲ್ಲ" ಎಂದರು ಡಾಕ್ಟರು. ಬಾಯಿಲ್ಲದವರ ಸಂಸಾರ ನನಗೆ ಹೊಸದೇನಲ್ಲ, ಆದರೆ ನಮ್ಮಲ್ಲಿ ಮುಟ್ಟುವುದಕ್ಕೂ ಎರಡೂರಿನ ನಡುವಿನ ಪೆನುಕೊಂಡದ ಬೆಟ್ಟ ಅಡ್ಡ ಬರುತ್ತದೆ.

ರೋಗಿಗಳಿಗೆ ಕಂಪನಿಯ ಬಾಟಲಿಯೇ ಸರಿ, ನಮ್ಮ ತಮಾಷೆಗೆ ನಾವೇ ಒಂದಿಷ್ಟು ಮಾಡಿ ನೋಡೋಣ ಎಂದು ಡಾಕ್ಟರು ಹೇಳಿದ್ದೇ ತಡ, ನಾನು ಯಜಮಾನರ ಹುರುಳಿಯನ್ನು ತಂದು ಪುಡಿ ಮಾಡಿ, ಉಪ್ಪುನೀರಿನಲ್ಲಿ ನೆನೆಸಿ, ತಿಳಿ ಬಸಿದೆ. ನನ್ನ ರಕ್ತದ ಹನಿಯ ಮೇಲೆ ಬಿಟ್ಟೆ. ನಾನು ಎ-ಒನ್. ನೋಡುತ್ತಿದ್ದಂತೆ ಕೆಂಪು ಕಣಗಳೆಲ್ಲ ಗಂಟು ಕಟ್ಟಿದವು. ಇಷ್ಟು ವರ್ಷ ನಾನು ಬೈದುಕೊಂಡು ತಿಂದ ಹುರುಳಿ ನನ್ನ ರಕ್ತವನ್ನು ಗುರುತು ಹಿಡಿದಿತ್ತು. ನಗಬೇಕೆಂದುಕೊಂಡೆ, ಕಣ್ಣು ಒದ್ದೆಯಾಯಿತು. ಆದರೆ ಪರೀಕ್ಷೆ ಪೂರ್ತಿಯಾಗಲು ಹುರುಳಿಗೆ ಅಂಟದ ಎ-ಟು ರಕ್ತವೂ ಒಂದು ಬೇಕಿತ್ತು. ಅಂಥವರು ಆ ವಾರ ಯಾರೂ ಸಿಗಲಿಲ್ಲ.

ಅಮಾವಾಸ್ಯೆಯ ದಿನ ನಮ್ಮ ಯಜಮಾನರ ಅಂಗಡಿ ರಜ. ಆ ಅಮಾವಾಸ್ಯೆಗೆ ಅವರು ಹೇಳದೆ ಕೇಳದೆ ರಕ್ತನಿಧಿಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕೈಯಲ್ಲಿ ಚೀಲ. ಏನು ಬಂದಿರಿ ಎಂದರೆ, "ಹುಣಸೆಹಣ್ಣಿನ ರೇಟು ಕೇಳಾನ ಅಂತ ಮಂಡಿಗೆ ಬಂದೆ. ಹಂಗೇ ಇದನ್ನ ಕೊಟ್ಟು ಹೋಗಾನ ಅಂತ" ಎಂದರು. ಅವರದೂ ಎ ಗುಂಪು ಎಂದು ನನಗೆ ಗೊತ್ತಿತ್ತು. ಒನ್ನೋ ಟುವೋ ನೋಡಿರಲಿಲ್ಲ. ಊರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ಮನೆಯದನ್ನೇ ಬಿಟ್ಟಿದ್ದೆ. ತೋಳು ಚಾಚಿ ಎಂದೆ. ಯಾಕೆ ಏನು ಎಂದು ಕೇಳದೆ ಚಾಚಿದರು.

ಹುರುಳಿಯ ನೀರು ಅವರ ಕಣಗಳಿಗೆ ಅಂಟಲಿಲ್ಲ. ಎ-ಟು! ಹರಿತಾ ಡಾಕ್ಟರು ಚಪ್ಪಾಳೆ ತಟ್ಟಿದರು. ಕ್ರಮದಂತೆ ಅವರ ರಕ್ತದ ತಿಳಿಯನ್ನು ಬೇರೆ ಮಾಡಿ, ಅದಕ್ಕೆ ನನ್ನ ಕಣಗಳ ಒಂದು ಹನಿ ಬಿಟ್ಟೆ. ಇಬ್ಬರೂ ಎ ಗುಂಪು, ಏನೂ ಆಗಬಾರದು. ಆದರೆ ಕೊಳವೆ ಅಲುಗಿಸಿದರೆ ಗಂಟು. ತೊಳೆದು ಮತ್ತೆ ಮಾಡಿದೆ, ಮತ್ತೆ ಗಂಟು. ಡಾಕ್ಟರು ಇಣುಕಿ ನೋಡಿ, "ಅಕ್ಕಾ, ಮೀ ಆಯನ ರಕ್ತಾನಿಕಿ ಮೀರಂಟೆ ಪಡದು" ಎಂದು ನಕ್ಕರು. ನನ್ನ ಗಂಡನ ರಕ್ತಕ್ಕೆ ನಾನು ಆಗಿಬರುವುದಿಲ್ಲ. ಎ-ಟು ಜನರಲ್ಲಿ ಎಲ್ಲೋ ಕೆಲವರ ರಕ್ತ ಎ-ಒನ್ ಕಣಗಳ ವಿರುದ್ಧವೇ ಆ್ಯಂಟಿಬಾಡಿ ಕಟ್ಟಿಕೊಂಡಿರುತ್ತದೆ, ಅಂಥವರಲ್ಲಿ ಇವರೂ ಒಬ್ಬರು. ಮದುವೆಗೆ ಮುಂಚೆ ನಮ್ಮ ಅಯ್ಯನೋರು ಜಾತಕ ನೋಡಿ, ಹಾಲಿಗೆ ಸಕ್ಕರೆ ಬೆರೆತಂಗೆ ಇರ್ತಾರೆ ಎಂದಿದ್ದರು. ಯಾವ ಸಕ್ಕರೆ ಎಂದು ಅವರೂ ನೋಡಿರಲಿಲ್ಲ.

ನಾನು ನಗುತ್ತಲೇ ಕೊಳವೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ. ಅದಕ್ಕೇ ಇರಬೇಕು ಈ ಮನುಷ್ಯನ ಬಾಯಿಂದ "ಬಾ" ಬಾರದಿದ್ದದ್ದು ಎಂದುಕೊಂಡೆ. ಲ್ಯಾಬಿನವಳಾಗಿ ಇಂಥ ಯೋಚನೆ ಮಾಡಬಾರದು, ಆದರೆ ಬಿಳಿ ಕೋಟು ಹಾಕಿಕೊಂಡ ಮಾತ್ರಕ್ಕೆ ಹೆಂಡತಿ ಎಲ್ಲಿ ಹೋಗುತ್ತಾಳೆ? ಯಜಮಾನರು ಕೊಳವೆಯನ್ನೇ ನೋಡುತ್ತಾ, "ಏನಾತಮ್ಮಿ?" ಎಂದರು. "ನಿಮ್ ರಕ್ತಕ್ಕೆ ನನ್ನ ಕಂಡ್ರಾಗಲ್ಲ" ಎಂದೆ. ಅವರ ಮುಖ ನಿಜವಾಗಿಯೂ ಬಾಡಿತು. ನೋಡಿ ನನಗೆ ಒಂಚೂರು ಸಂತೋಷವೂ ಆಯಿತು.

"ಅಂಕಲ್, ಭಯಪಡಬ್ಯಾಡಿ" ಎಂದರು ಹರಿತಾ ಡಾಕ್ಟರು. ಈ ಆ್ಯಂಟಿಬಾಡಿ ಸಾಮಾನ್ಯವಾಗಿ ತಣ್ಣಗಿದ್ದಾಗ ಮಾತ್ರ ಹಿಡಿಯುತ್ತದಂತೆ. ನಮ್ಮ ರಕ್ತನಿಧಿಯಲ್ಲಿ ಎ.ಸಿ. ಜೋರು. ಮೈಯ ಬಿಸಿಗೆ ಬಂದರೆ ಅದು ಬಿಟ್ಟುಬಿಡುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟು ನೋಡಬೇಕು, ಆದರೆ ಅದರಲ್ಲಿ ಯಾರದೋ ಪ್ಲಾಸ್ಮಾ ಕರಗುತ್ತಿತ್ತು. "ತೊಟ್ಟಿ ಖಾಲಿಯಾಗೋ ಗಂಟ ಅಂಕಲ್ ಮುಷ್ಟಿಯಾಗೆ ಹಿಡ್ಕಂಡಿರ್ಲಿ" ಎಂದು ಡಾಕ್ಟರು ತಮಾಷೆಗೆ ಹೇಳಿದ್ದನ್ನು ನಮ್ಮ ಯಜಮಾನರು ಶಾಸನದಂತೆ ಪಾಲಿಸಿದರು. ಆ ಪುಟ್ಟ ಕೊಳವೆಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಕಣ್ಣು ಮಿಟುಕಿಸದೆ, ಬೆಂಚಿನ ಮೇಲೆ ಕೂತರು. ಹೊರಗೆ ಬೇಸಿಗೆಯ ಬಿಸಿಲು ಕುದಿಯುತ್ತಿತ್ತು. ಒಳಗೆ ಎ.ಸಿ.ಯ ಗಾಳಿಗೆ ಅವರ ಮೈ ನಡುಗುತ್ತಿತ್ತು, ಕೈ ಮಾತ್ರ ಬಿಚ್ಚಲಿಲ್ಲ. ಅವರು ನನ್ನನ್ನು ಅಷ್ಟು ಹೊತ್ತು ಕೈಯಲ್ಲಿ ಹಿಡಿದುಕೊಂಡದ್ದು ಮದುವೆಯ ಧಾರೆಯಾದ ಮೇಲೆ ಇದೇ ಮೊದಲು. ಕೊನೆಗೆ ಕೊಳವೆ ತೆಗೆದು ಅಲುಗಿಸಿ ನೋಡಿದರೆ ಗಂಟುಗಳು ಸಡಿಲವಾಗಿ ಬಿಡಿಸಿಕೊಳ್ಳುತ್ತಿದ್ದವು. ತೊಟ್ಟಿ ಖಾಲಿಯಾದ ಮೇಲೆ ಶಾಸ್ತ್ರೋಕ್ತವಾಗಿಯೂ ನೋಡಿದೆವು. ಒಂದೂ ಗಂಟಿಲ್ಲ.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ನಾಗರಾಜು ಸೀಟಿಯೂದಿದ. ಆಗಲೇ ನನಗೆ ಹೊಳೆದದ್ದು, ಇವರು ಮಂಡಿಯ ಕಡೆ ಹೋಗಲೇ ಇಲ್ಲ ಎಂದು. "ಹುಣಸೆಹಣ್ಣಿನ ರೇಟು?" ಎಂದೆ. ಅವರು ಬಸ್ಸಿನ ಕಂಬಿ ಹಿಡಿದು ನನ್ನನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿದರು. ಆಮೇಲೆ ಕೆಮ್ಮಿ, "ಮನ್ಯಾಗೆ ಸಾನೆ ಚಳಿ ಕಣಮ್ಮಿ" ಎಂದರು. ಬೇಸಿಗೆಯಲ್ಲಿ ಕಲ್ಯಾಣದುರ್ಗ ಹೇಗಿರುತ್ತದೆ ಎಂದು ಬಲ್ಲವರು ಬಲ್ಲರು. ಮನೆಯ ಗೋಡೆಗೆ ಕೈ ಇಟ್ಟರೆ ಬೊಬ್ಬೆ ಬರುತ್ತದೆ. ಬಸ್ಸು ಹೊರಟುಹೋಯಿತು. ನಾನು ಅಷ್ಟು ಜನರ ನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ ನಿಂತಿದ್ದೆ.

ಮರುದಿನವೇ ವರ್ಗಕ್ಕೆ ಬರೆದುಕೊಟ್ಟೆ. ಕಾರಣ ಕೇಳಿದರು. ಕಲ್ಯಾಣದುರ್ಗದಲ್ಲಿ ಚಳಿ ಎಂದು ಹೇಳಲಾಗುತ್ತದೆಯೇ? ಸಂಸಾರದ ತೊಂದರೆ ಎಂದೆ. ಸಂಜೆ ಫೋನು ಬಂತು. ಬರೆದುಕೊಟ್ಟಿದ್ದೇನೆ, ಬರುತ್ತೇನೆ, ನೀವಿಲ್ಲದೆ ನನಗಿಲ್ಲಿ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ಗಂಡನಿಗೆ ನಾಲಿಗೆ ಇಲ್ಲ ಎಂದು ಹಂಗಿಸಿದವಳ ಬಾಯಿಂದ ಬಂದದ್ದು ಇಷ್ಟೇ: "ಇನ್ ಮ್ಯಾಕೆ ಹುರುಳಿ ಕಳಿಸ್ಬ್ಯಾಡಿ."

"ಯಾಕಮ್ಮಿ? ಬ್ಯಾಸರಾತಾ?"

"ಅಲ್ಲೇ ಬಂದು ಬೇಯಿಸ್ತೀನಿ."

"ಆಯ್ತು, ಮಡಗ್ತೀನಿ" ಎಂದರು. ಆದರೆ ಫೋನು ಮಡಗಲಿಲ್ಲ. ನಾನೂ ಮಡಗಲಿಲ್ಲ.

ವರ್ಗದ ಆರ್ಡರು ಇನ್ನೂ ಬಂದಿಲ್ಲ. ಇವತ್ತು ನಾಳೆ ಎನ್ನುತ್ತಲೇ ಇದ್ದಾರೆ. ಯಜಮಾನರು ಮಾತ್ರ ಹೆಂಡತಿಯ ಮಾತಿಗೆ ಬೆಲೆ ಕೊಟ್ಟು ಹುರುಳಿ ಕಳಿಸುವುದನ್ನು ಆ ವಾರದಿಂದಲೇ ನಿಲ್ಲಿಸಿಬಿಟ್ಟರು. ಡಬ್ಬಗಳು ಖಾಲಿಯಾಗಿವೆ, ಕುಕ್ಕರು ಬಿಡುವಾಗಿದೆ. ಪಕ್ಕದ ಮನೆಯಾಕೆ ಬಾಗಿಲು ತೆಗೆದೇ ಇರುತ್ತಾಳೆ. ನಾನು ಮಾತ್ರ ವಾರಕ್ಕೊಮ್ಮೆ ಕಲ್ಯಾಣದುರ್ಗದ ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲುತ್ತೇನೆ. ನಾಗರಾಜು ಡ್ರೈವರ್ ಸೀಟಿನ ಹಿಂದೆ ಒಮ್ಮೆ ಬಗ್ಗಿ ನೋಡಿ, "ಇವತ್ತೂ ಏನಿಲ್ಲ ಕಣಕ್ಕಾ" ಎನ್ನುತ್ತಾನೆ. ನಾನು "ಗೊತ್ತು ಕಣಪ್ಪ" ಎಂದು ಹೇಳಿ, ಬಸ್ಸು ತಿರುಗಿಸಿಕೊಂಡು ಹೋಗುವ ತನಕ ಅಲ್ಲೇ ನಿಂತಿರುತ್ತೇನೆ.