ಆಲ್ಪ್ಸ್‌ನ ಖಾಲಿ ಕೋಣೆ

ಖಾಲಿ ಕೋಣೆಯ ಫೋಟೋ ಕಂಡರೆ ನನಗೆ ಹೆದರಿಕೆ. ಹಾವಿಗೋ ತೆರಿಗೆ ಇಲಾಖೆಗೋ ಹೆದರಿದರೆ ಕಾರಣ ಹೇಳಬಹುದು. ಬಿಳಿ ಹಾಸಿಗೆ, ಎರಡು ದಿಂಬು, ಕಿಟಕಿಯಾಚೆ ಹಿಮದ ಬೆಟ್ಟ ಇರುವ ಚಿತ್ರಕ್ಕೆ ಐವತ್ತು ದಾಟಿದ ಗಂಡಸು ಯಾಕೆ ಹೆದರಬೇಕೆಂದು ಕೇಳಿದರೆ ನನ್ನಲ್ಲಿ ಮರ್ಯಾದಸ್ಥ ಉತ್ತರವಿಲ್ಲ. ನಾನು ಹುಟ್ಟಾ ಪುಕ್ಕಲನೂ ಅಲ್ಲ. ನೌಪಾಡಾದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿ, ಸಾಂಬಾರ್ ತಣ್ಣಗಿದೆ ಎಂದು ಕೂಗಾಡುವ ಗಿರಾಕಿಗಳನ್ನು ದಿನವೂ ಎದುರಿಸುವವನು. ಈ ರೋಗ ನನಗೆ ಅಂಟಿದ್ದು ಅಮ್ಮನಿಂದ, ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ.

ನನ್ನ ಹೆಂಡತಿ ಸುಜಾತಳಿಗೆ ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಶ್ರೀಮಂತರ ಊರಿಗೆ ಹೋಗಬೇಕೆಂಬ ಆಸೆ. ಮದುವೆಯ ಬೆಳ್ಳಿಹಬ್ಬದ ವರ್ಷ. ಮಹಾಪೆಯ ಆಫೀಸಿನಲ್ಲಿ ದುಡಿದು ಉಳಿಸಿದ್ದು ಅವಳೇ, ಆದ್ದರಿಂದ ನನ್ನ ಬಾಯಿ ಮುಚ್ಚಿತ್ತು. ಅವಳಿಗೆ ಬೇಕಾದದ್ದು ಹಿಮವಲ್ಲ ಎಂದು ನನಗೆ ಗೊತ್ತಿತ್ತು. ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಇರುವುದು ಒಂದೇ ಬೆಡ್‌ರೂಮು, ಮನೆಯ ಒಂದೇ ಕಪಾಟು ಇರುವುದೂ ಅಲ್ಲೇ. ಅಮ್ಮನ ಮಾತ್ರೆ, ಮಗಳ ಬಟ್ಟೆ, ಇಸ್ತ್ರಿಪೆಟ್ಟಿಗೆ, ಉಪ್ಪಿನಕಾಯಿ ಭರಣಿ ಎಲ್ಲವೂ ಅದರೊಳಗೆ. ಹೀಗಾಗಿ ಮದುವೆಯಾದಂದಿನಿಂದ ನಮ್ಮ ಕೋಣೆ ಒಂದು ರೈಲ್ವೆ ಪ್ಲ್ಯಾಟ್‌ಫಾರ್ಮು. “ತಟ್ಟದೆ ಯಾರೂ ಒಳಗೆ ಬಾರದ ಒಂದು ಕೋಣೆಯಲ್ಲಿ ನಾಲ್ಕು ದಿನ ಇರ್ಬೇಕು ಮಾರಾಯ್ರೆ, ಮತ್ತೇನೂ ಬೇಡ,” ಎಂದಿದ್ದಳು. ಅದನ್ನು ಅವಳು ಹೇಳುತ್ತಿರುವಾಗಲೇ ಅಮ್ಮ ಮಾತ್ರೆ ಹುಡುಕಿಕೊಂಡು ಒಳಗೆ ಬಂದಿದ್ದರು.

ಆ ಭಾನುವಾರ ಮಗಳು ಲ್ಯಾಪ್‌ಟಾಪ್ ತೆರೆದು ಆ ಊರಿನ ಹೋಟೆಲುಗಳನ್ನು ಒಂದೊಂದಾಗಿ ತೋರಿಸಿದಳು. ನಾನು ಜವಾಬ್ದಾರಿಯುತ ಪ್ರಶ್ನೆಗಳನ್ನು ಕೇಳಿದೆ: ಸ್ಟೇಷನ್ನಿನಿಂದ ನಡೆದರೆ ಎಷ್ಟು ದೂರ? ನೀರು ದಿನವಿಡೀ ಬರುತ್ತದೆಯೇ? ಸ್ಟೇಷನ್ನಿನ ಈಸ್ಟ್ ಬದಿಯೋ ವೆಸ್ಟ್ ಬದಿಯೋ? “ಪಪ್ಪಾ, ವಹಾಂ ಈಸ್ಟ್-ವೆಸ್ಟ್ ನಹೀ ಹೋತಾ!” ಎಂದಳು ಮಗಳು. ಅಲ್ಲಿ ಅಂಥ ಬದಿಗಳೇ ಇಲ್ಲವಂತೆ. ಬೆಟ್ಟದ ನೆತ್ತಿಯ ಹೋಟೆಲಿಗೆ ತಂತಿಗೆ ನೇತುಬಿದ್ದ ತೊಟ್ಟಿಲಿನಂಥ ಗಾಡಿಯಲ್ಲಿ ತೂಗಾಡುತ್ತಾ ಹೋಗಬೇಕಂತೆ. ಕೊನೆಯ ಗಾಡಿ ತಪ್ಪಿದರೆ? ಜನ್ಮವಿಡೀ ಲೋಕಲ್ ರೈಲು ಹಿಡಿದವನಿಗೆ ಇಂಥದ್ದೆಲ್ಲ ಕೂಡಲೇ ಹೊಳೆಯುತ್ತದೆ. ಅಲ್ಲಿ ದುಡ್ಡಿದ್ದವರೇ ಸ್ಟೇಷನ್ನಿಗೆ ದೂರವಾಗಿ ಇರುತ್ತಾರಂತೆ. ನಮ್ಮಲ್ಲಿ ದುಡ್ಡಿಲ್ಲದೆ ದೂರ ಹೋದವರು ಬದಲಾಪುರದಿಂದ ಲೋಕಲಿನಲ್ಲಿ ನಿಂತುಕೊಂಡೇ ಆಫೀಸಿಗೆ ಬರುತ್ತಾರೆ.

ಅಷ್ಟರಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಬಗ್ಗಿ ನೋಡಿದರು. ಪರದೆಯ ಮೇಲೆ ಒಂದು ಊಟದ ಕೋಣೆ. ಬಿಳಿ ಬಟ್ಟೆ ಹಾಸಿದ ಮೇಜು, ತಟ್ಟೆ, ತುಂಬಿದ ಗ್ಲಾಸು, ಉರಿಯುವ ಮೇಣದ ಬತ್ತಿ.

“ಇದು ಯಾರಿಗೆ ಬಡಿಸಿಟ್ಟದ್ದು ಮಗಾ?”

“ಗಿರಾಕಿಗಳಿಗೆ ಅಮ್ಮ.”

“ಗಿರಾಕಿಗಳು ಎಲ್ಲಿ? ದೀಪ ಉಂಟು, ತಟ್ಟೆ ಉಂಟು, ಕುಡಿಯಲಿಕ್ಕೂ ಇಟ್ಟಿದ್ದಾರೆ, ಒಂದು ನರಪಿಳ್ಳೆ ಇಲ್ಲ. ನಾವು ಅಗೆಲು ಬಡಿಸಿ ಬಾಗಿಲು ಹಾಕಿದ ಮೇಲೆ ಒಳಗೆ ಹೀಗೇ ಇರುವುದಲ್ವಾ?”

ಅಗೆಲು ಎಂದರೆ ನಮ್ಮ ತುಳುವರಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಊಟ. ದೀಪಾವಳಿಯ ಹೊತ್ತಿಗೆ ನಮ್ಮ ಅದೇ ಬೆಡ್‌ರೂಮಿನಲ್ಲಿ ದೀಪ ಹಚ್ಚಿ, ಎಲೆ ಹಾಕಿ, ಕೋಳಿಸಾರು ಬಡಿಸಿ, ಅಪ್ಪನ ಎಲೆಯ ಪಕ್ಕ ಅವರಿಗೆ ಪ್ರಿಯವಾದ ಒಂದು ಪೆಗ್ಗನ್ನೂ ಇಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಬರುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಉಣ್ಣುತ್ತಿರುವವರಿಗೆ ಎದ್ದುಹೋಗಲು ಸಮಯ ಕೊಡದಿದ್ದರೆ ಅದು ಮರ್ಯಾದೆಯಲ್ಲ. ವರ್ಷಕ್ಕೆ ಆ ಒಂದು ದಿನ ಮಾತ್ರ ನಮ್ಮ ಕೋಣೆಯ ಬಾಗಿಲನ್ನು ಯಾರಾದರೂ ತಟ್ಟುತ್ತಿದ್ದದ್ದು.

ನಾನು ನಕ್ಕೆ. ಆದರೆ ಅಂದಿನಿಂದ ಯಾವ ಹೋಟೆಲಿನ ಚಿತ್ರ ತೆರೆದರೂ ಅದೇ ಕಾಣತೊಡಗಿತು. ಇಲ್ಲೊಂದು ಕುರ್ಚಿ ಮೇಜಿನಿಂದ ಗೇಣಷ್ಟು ಹಿಂದೆ ಸರಿದಿದೆ. ಅಲ್ಲೊಂದು ಕಪ್ಪಿನಿಂದ ಇನ್ನೂ ಹಬೆ ಏಳುತ್ತಿದೆ. ಮತ್ತೊಂದರಲ್ಲಿ ಹಾಸಿಗೆಯ ಅಂಚಿನಲ್ಲಿ, ಯಾರೋ ಕುಳಿತೆದ್ದ ಹಾಗೆ, ಸಣ್ಣ ತಗ್ಗು. ಫೋಟೋಗೆಂದೇ ಜೋಡಿಸಿದ್ದೆಂದು ಬುದ್ಧಿ ಹೇಳುತ್ತಿತ್ತು, ಕೈ ಮಾತ್ರ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿತ್ತು. ನಾಳೆ ನೋಡೋಣ ಎನ್ನುತ್ತಾ ಬಂದೆ. ಒಂದೊಂದೇ ಹೋಟೆಲು ಭರ್ತಿಯಾಯಿತು.

“ನಿಮಗೆ ಬರಲಿಕ್ಕೆ ಮನಸ್ಸಿಲ್ಲದಿದ್ರೆ ಹೇಳಿಬಿಡಿ,” ಎಂದಳು ಸುಜಾತ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅಂದೇ ಬುಕ್ ಮಾಡಿದೆ. ಸ್ಟೇಷನ್ನಿನ ಎದುರಿನದ್ದೇ, ಬೇರೆ ಯಾವುದು! ಅಮ್ಮ ಅಡ್ಡಿ ಮಾಡಲಿಲ್ಲ. “ಹೋಗಿ ಬನ್ನಿ. ತಟ್ಟದೆ ಮಾತ್ರ ಬಾಗಿಲು ತೆರೀಬೇಡ,” ಎಂದರು.

ಆ ಹೋಟೆಲಿನ ದಪ್ಪ ಕಾರ್ಪೆಟ್ಟಿನ ಕಾರಿಡಾರಿನಲ್ಲಿ ನಮ್ಮ ಹೆಜ್ಜೆಯ ಸದ್ದೇ ನಮಗೆ ಕೇಳಿಸುತ್ತಿರಲಿಲ್ಲ. ಸುಜಾತ ನಗುವುದನ್ನು ಲೆಕ್ಕಿಸದೆ ಮೂರು ಸಲ ತಟ್ಟಿ, “ನಾವು ಡೊಂಬಿವಲಿಯವರು, ನಾಲ್ಕು ದಿನ ಇದ್ದು ಹೋಗ್ತೇವೆ,” ಎಂದು ತುಳುವಿನಲ್ಲಿ ತಿಳಿಸಿ ಬಾಗಿಲು ತೆರೆದೆ. ಕಿಟಕಿಯ ಬಳಿಯ ಕುರ್ಚಿ ಸ್ವಲ್ಪ ಸರಿದಿತ್ತು. ಅದರ ಮೆತ್ತೆಯಲ್ಲಿ ತಗ್ಗಿತ್ತು. ಸುಜಾತಳ ನಗು ನಿಂತಿತು. ಒಂದು ಕ್ಷಣ ನೋಡಿ, ನೇರವಾಗಿ ಹೋಗಿ ಅದರಲ್ಲೇ ಕುಳಿತಳು. ನಾಲ್ಕು ದಿನವೂ ಬೆಟ್ಟ ನೋಡುತ್ತಾ ಅಲ್ಲೇ ಇದ್ದಳು.

ನಾನು ಅಮ್ಮನ ಸಂಶಯ ಕಳೆಯಲೆಂದು ಆ ಕೋಣೆಯ ಮೂಲೆಮೂಲೆಯ ಫೋಟೋ ತೆಗೆದೆ. ಕೊನೆಯ ರಾತ್ರಿ ಊಟದ ಮೇಜಿನದ್ದೂ. “ಸ್ವಲ್ಪ ಏಳು, ಚೆನ್ನಾಗಿ ಬರ್ಲಿ,” ಎಂದು ಸುಜಾತಳನ್ನೂ ಪಕ್ಕಕ್ಕೆ ಸರಿಸಿದ್ದೆ.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅಮ್ಮ ಒಂದೊಂದನ್ನೇ ನೋಡುತ್ತಾ ಹೋದರು. ಹಾಸಿಗೆ, ಕಿಟಕಿ, ಕುರ್ಚಿ. ಕೊನೆಗೆ ಆ ಮೇಜು: ದೀಪ, ಎರಡು ತಟ್ಟೆ, ಹಿಂದೆ ಸರಿದ ಎರಡು ಕುರ್ಚಿ.

“ಎಲ್ಲ ಚಂದ ಉಂಟು ಮಗಾ. ನೀವಿಬ್ರು ಎಲ್ಲಿ?”

ಹುಡುಕಿದೆ. ಅಷ್ಟೂ ಫೋಟೋಗಳಲ್ಲಿ ನಾವು ಒಂದರಲ್ಲೂ ಇರಲಿಲ್ಲ. ಅಮ್ಮ ನನ್ನ ಮುಖ ನೋಡಿದರು, ಆಮೇಲೆ ಬೆಚ್ಚಗಿದೆಯೋ ಇಲ್ಲವೋ ಎಂಬಂತೆ ಮೆಲ್ಲಗೆ ನನ್ನ ಕೈ ಮುಟ್ಟಿ ನೋಡಿದರು.

ಮರುದಿನ ಬೆಳಿಗ್ಗೆ ನಮ್ಮ ಬೆಡ್‌ರೂಮಿನ ಬಾಗಿಲು ಮೂರು ಸಲ ಸದ್ದು ಮಾಡಿತು. ಮಾತ್ರೆಗೆಂದು ಬಂದ ಅಮ್ಮ ಹೊರಗೇ ನಿಂತು ಕಾಯುತ್ತಿದ್ದರು. ಇಂದಿಗೂ ತಟ್ಟದೆ ಒಳಗೆ ಬರುವುದಿಲ್ಲ, ಮಗಳಿಗೂ ಬರಗೊಡುವುದಿಲ್ಲ. ಸುಜಾತ ಮಹಾ ಖುಷಿಯಲ್ಲಿದ್ದಾಳೆ, ಇದು ಮೊದಲೇ ಗೊತ್ತಿದ್ದರೆ ಆಲ್ಪ್ಸ್‌ಗೆ ಹೋಗುವುದೇ ಬೇಕಿರಲಿಲ್ಲ ಎನ್ನುತ್ತಾಳೆ. ನಾನು ಮಾತ್ರ, ಆ ಸದ್ದು ಕೇಳಿದಾಗಲೆಲ್ಲ, “ಬನ್ನಿ” ಎನ್ನುವ ಮೊದಲು ನನ್ನ ಕೈಯನ್ನು ನಾನೇ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.