ಸಿಂಚನಾಳ ಎಡಗಾಲು ಮತ್ತು ಗ್ರಾಫಿಕ್ಸ್ ಕಾರ್ಡು

ಮಗಳು ಸಿಂಚನಾಳ ಮೊದಲ ಹುಟ್ಟುಹಬ್ಬದ ವಿಡಿಯೊವನ್ನು ತಾನೇ ಎಡಿಟ್ ಮಾಡುವುದಾಗಿ ವೈಜಯಂತಿ ಘೋಷಿಸಿದಾಗ ದಿಲ್ಲಿ ಪಕ್ಕದ ಇಂದಿರಾಪುರಂನ ಆ ಒಂಬತ್ತನೇ ಮಹಡಿಯ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಡ ಸೋಮಶೇಖರ ಪೇಪರಿನಿಂದ ತಲೆಯೆತ್ತಿ, "ಮಾರ್ಕೆಟ್ಟಿನ ಸ್ಟುಡಿಯೊ ಭಯ್ಯಾ ಮಾಡಿಕೊಡ್ತಾನಲ್ಲ" ಎಂದ.

"ಅವನು ಕೇಕಿನ ಸುತ್ತ ಚಿಟ್ಟೆ ಹಾರಿಸ್ತಾನೆ. ಮಗು ಕೆನ್ನೆಗೆ ಗುಲಾಬಿ ಅಂಟಿಸ್ತಾನೆ. ಮಗಳು ನಡೆಯೋಕೆ ಕಲಿತ ಮೇಲಿನ ಮೊದಲ ವಿಡಿಯೊ ಅದು. ಬೇರೆಯವರ ಕತ್ತರಿಗೆ ಕೊಡಲ್ಲ."

ಹುಟ್ಟುಹಬ್ಬದ ದಿನ ಸೊಸೈಟಿಯ ಹಾಲ್‌ನಲ್ಲಿ ವೈಜಯಂತಿಯದೆಲ್ಲ ಹೊಸತು: ಹೊಸ ರೇಷ್ಮೆ ಸೀರೆ, ಹೊಸ ಬಳೆ, ಹೊಸ ಹೈಹೀಲ್ಸು. ಕ್ಯಾಮೆರಾ ಮಾತ್ರ ಎರವಲು. ರಜೆಗೆ ಬಂದಿದ್ದ ಸೋಮಶೇಖರನ ಗೆಳೆಯ ತನ್ನ ಹೈ ಡೆಫಿನಿಷನ್ ಕ್ಯಾಮೆರಾದಲ್ಲಿ ವಿಡಿಯೊ ತೆಗೆದು, ಇವರ ಕಂಪ್ಯೂಟರಿಗೆ ಹಾಕಿಕೊಟ್ಟು, ಕ್ಯಾಮೆರಾ ಸಮೇತ ವಿಮಾನ ಹತ್ತಿದ್ದ.

ಆ ಕಂಪ್ಯೂಟರು ಸೋಮಶೇಖರನ ಬ್ರಹ್ಮಚರ್ಯ ಕಾಲದ್ದು. ಪ್ಲೇ ಒತ್ತಿದರೆ ಮೊದಲ ಭಾಗವನ್ನು ಪೂರ್ತಿ ನುಂಗಿಬಿಡುತ್ತಿತ್ತು. ಆಮೇಲೆ ಸಿಂಚನಾ ಒಂದು ಕಾಲು ಎತ್ತುವಳು. ಅದನ್ನು ಕೆಳಗಿಡುವಷ್ಟರಲ್ಲಿ ಹಾಲು ಕಾಯಿಸಿಕೊಂಡು ಬರಬಹುದಿತ್ತು. ಮತ್ತೆ ಚಿತ್ರ ಜಿಗಿದರೆ ಮಗು ಕೇಕಿನ ಮೇಜಿನ ಹತ್ತಿರ ಪ್ರತ್ಯಕ್ಷ. ಹಾಗೆ ನೋಡಿ ನೋಡಿ ವೈಜಯಂತಿ ಗಂಡನನ್ನು ಕೂಗಿದಳು.

"ರೀ, ಮಗು ಎಡಗಾಲು ಕುಂಟ್ತಿದೆ."

"ಕುಂಟ್ತಿರೋದು ಕಂಪ್ಯೂಟರು."

"ತಾಯಿ ಕಣ್ಣಿಗೆ ಕಾಣೋದು ನಿಮಗೆ ಕಾಣಲ್ಲ ಬಿಡಿ."

ಮಕ್ಕಳ ಡಾಕ್ಟರು ಸಿಂಚನಾಳನ್ನು ಅತ್ತ ಇತ್ತ ನಡೆಸಿ, ಎಲ್ಲ ಸರಿಯಿದೆ ಎಂದರು. ವೈಜಯಂತಿ ಒಪ್ಪಲಿಲ್ಲ. ಡಾಕ್ಟರ ಮುಂದೆ ಯಾರಾದರೂ ನೆಟ್ಟಗೇ ನಡೆಯುತ್ತಾರೆ. ಸಾಕ್ಷಿ ಇರುವುದು ವಿಡಿಯೊದಲ್ಲಿ. ಅದು ತಡೆಯಿಲ್ಲದೆ ಓಡಬೇಕು, ಅಷ್ಟೆ.

ನೆಹರೂ ಪ್ಲೇಸಿನ ಕಂಪ್ಯೂಟರ್ ಅಂಗಡಿಯವನು, "ಗ್ರಾಫಿಕ್ಸ್ ಕಾರ್ಡ್ ಹಾಕಿ ಮೇಡಂ, ಮಕ್ಖನ್ ಹಾಗೆ, ಬೆಣ್ಣೆ ಹಾಗೆ ಓಡುತ್ತೆ" ಎಂದ. ಕಾರ್ಡು ಮನೆಗೆ ಬಂತು. ಅದನ್ನು ಕೂರಿಸುವ ಜಾಗ ಹಳೆಯ ಮದರ್‌ಬೋರ್ಡಿನಲ್ಲಿರಲಿಲ್ಲ. ಹೊಸ ಮದರ್‌ಬೋರ್ಡು ಬಂತು. ಅದು ಹಳೆಯ ಪ್ರೊಸೆಸರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಸ ಪ್ರೊಸೆಸರು ಬಂದ ಮೇಲೆ ಹಳೆಯ ರ‍್ಯಾಮ್ ಮಡಿ ಪಂಕ್ತಿಯಲ್ಲಿ ಅನ್ಯರಂತೆ ಹೊರಗೆ ನಿಂತಿತು. ಅದನ್ನೂ ಬದಲಾಯಿಸಿ ಸ್ವಿಚ್ಚು ಹಾಕಿದರೆ, ಇಷ್ಟು ಜನರಿಗೆ ಉಣಿಸಲಾರದೆ ಪವರ್ ಸಪ್ಲೈ ಟಪ್ ಎಂದು ಕಣ್ಣುಮುಚ್ಚಿತು. ಕೊನೆಗೆ ಹಳೆಯದರಲ್ಲಿ ಮುಖ್ಯವಾಗಿ ಉಳಿದದ್ದು ಹೊರಗಿನ ಡಬ್ಬ ಮತ್ತು ಅದರ ಮೇಲೆ ಅತ್ತೆ ವಿಜಯಮ್ಮ ಹೆಣೆದು ಹೊದಿಸಿದ್ದ ಕ್ರೋಷಾ ಮುಸುಕು.

"ಮಗುಗೆ ಏನೂ ಇಲ್ಲ ಅಂತ ತಿಳ್ಕೊಳ್ಳೋಕೆ ಇಷ್ಟೆಲ್ಲಾ ಬೇಕಿತ್ತಾ?" ಎಂದ ಸೋಮಶೇಖರ.

"ಇದೆ ಅಂತ ತಿಳ್ಕೊಳ್ಳೋಕೆ" ಎಂದಳು ವೈಜಯಂತಿ.

ಭಾನುವಾರ ಎಲ್ಲರೂ ಕಂಪ್ಯೂಟರಿನ ಮುಂದೆ ಕೂತರು. ವೈಜಯಂತಿ ನೇರವಾಗಿ ಮಗು ನಡೆಯುವ ಜಾಗದಿಂದಲೇ ಓಡಿಸಿದಳು. ವಿಡಿಯೊ ನಿಜಕ್ಕೂ ಮಕ್ಖನ್. ಸಿಂಚನಾ ಸರಾಗವಾಗಿ ನಡೆದು ಬಂದಳು. ಮತ್ತು ಅಷ್ಟೇ ಸರಾಗವಾಗಿ ಎಡಗಾಲು ಎಳೆದಳು.

ಸೋಮಶೇಖರನ ಕೈಯಲ್ಲಿ ಚಹಾ ಹಾಗೇ ನಿಂತಿತು. "ನಾನು ಹೇಳಿರಲಿಲ್ವಾ?" ಎಂದ ವೈಜಯಂತಿಗೆ ಗೆದ್ದ ಖುಷಿಯಿರಲಿಲ್ಲ. ಈ ಒಂದು ವಾದದಲ್ಲಿ ಅವಳಿಗೆ ಸೋಲಬೇಕಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಮೊದಲಿಂದ ಓಡಿಸಮ್ಮ. ಮಗು ಯಾರ ಹಿಂದೆ ಹೋಗ್ತಿದೆ ನೋಡೋಣ."

ಹಳೆಯ ಕಂಪ್ಯೂಟರು ನುಂಗುತ್ತಿದ್ದ ಭಾಗ ಈಗ ಬಂತು. ಕೋಸಂಬರಿಯ ತಟ್ಟೆ ಹಿಡಿದು, ಇನ್ನೊಂದು ಕೈ ಸೊಂಟಕ್ಕೆ ಕೊಟ್ಟು, ಕಚ್ಚುವ ಹೈಹೀಲ್ಸಿನಲ್ಲಿ ಎಡಗಾಲು ಎಳೆಯುತ್ತ ಹೋಗುತ್ತಿದ್ದವಳು ಸಾಕ್ಷಾತ್ ವೈಜಯಂತಿ. ಹಿಂದೆಯೇ, ಪುಟ್ಟ ಕೈ ಸೊಂಟಕ್ಕಿಟ್ಟು, ಅದೇ ತಾಳದಲ್ಲಿ ಎಡಗಾಲು ಎಳೆಯುತ್ತ ಸಿಂಚನಾ.

ಸೋಮಶೇಖರ ಚಹಾ ಕೆಳಗಿಟ್ಟ. "ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮು, ಎಲ್ಲಾ ಬದಲಾಯಿಸಿದ್ವಿ. ಚಪ್ಪಲಿ ಬದಲಾಯಿಸಿದ್ರೆ ಸಾಕಿತ್ತು, ವೈಜು."

"ಈ ಕಾರ್ಡು ಇಲ್ದೇ ಇದ್ದಿದ್ರೆ ಇದು ಗೊತ್ತಾಗ್ತಿತ್ತಾ?" ಎಂದ ವೈಜಯಂತಿ ಗಲ್ಲ ಮೇಲೆತ್ತಿ, ಸೆರಗು ಕೊಡವಿ, ಮಹಾರಾಣಿಯಂತೆ ಅಡುಗೆಮನೆಗೆ ನಡೆದಳು.

ಸಿಂಚನಾ ಅಜ್ಜಿಯ ತೊಡೆಯಿಂದ ಜಾರಿ ಇಳಿದಳು. ಗಲ್ಲ ಮೇಲೆತ್ತಿ, ಇಲ್ಲದ ಸೆರಗನ್ನು ಕೊಡವಿ, ನೆಟ್ಟಗೆ ಹಿಂದೆ ಹೊರಟಳು.

"ಇದನ್ನ ನೋಡೋಕೆ" ಎಂದರು ವಿಜಯಮ್ಮ, "ಯಾವ ಕಾರ್ಡೂ ಬೇಡಪ್ಪ."