ಸೋಮವಾರದ ಸೊನ್ನೆ

ಎಮ್ಮೆ ನಾಳೆ ಎಷ್ಟು ಹಾಲು ಕೊಡುತ್ತದೆ ಎಂಬುದನ್ನು ಎಮ್ಮೆಯ ಹತ್ತಿರವೂ ಹೋಗದೆ ಕಂಪ್ಯೂಟರಿನಲ್ಲಿ ತೀರ್ಮಾನಿಸಬಹುದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಇರಕಲ್ಲಗಡದಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಮಾಸ್ತರ ಇಷ್ಟೂ ನಂಬದಿದ್ದರೆ ಹೇಗೆ?

ಹಿಟ್ನಾಳದಲ್ಲಿ ನನ್ನ ಹೆಂಡತಿ ಶಾಂತಾಳ ತಂಗಿಯ ಕುಬಸವಿತ್ತು. ಚೊಚ್ಚಲ ಬಸುರಿಗೆ ಉಡಿ ತುಂಬುವ ದಿನದ ಬಾಸುಂದಿಗೆ ಹಾಲು ತನ್ನ ಎಮ್ಮೆಯದೇ ಎಂದು ಶಾಂತಾ ತವರಿಗೆ ಮಾತು ಕೊಟ್ಟಿದ್ದಳು. ಬೇಕಾದದ್ದು ಹತ್ತು ಲೀಟರ್. ಎಮ್ಮೆ ಕೊಡುತ್ತಿದ್ದದ್ದು ಎಂಟು.

"ಎರಡ ಲೀಟರ್ ತಾನ? ನನಗ ಬಿಡು," ಎಂದೆ.

"ನಿಮಗ ಬಿಟ್ಟರ ಎಮ್ಮಿ ಕೊಡತೈತೇನ್ರಿ?"

ನಾನು ಲ್ಯಾಪ್‌ಟಾಪ್ ತೆರೆದೆ. ವಿಜ್ಞಾನ ಉತ್ತರಿಸಲಿದೆ!

ದಿನಾ ಎಷ್ಟು ಹಿಂಡಿ ತಿನ್ನಿಸಿದೆ, ಎಷ್ಟು ಹಾಲು ಬಂತು ಎಂದು ಶಾಂತಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಮೂರು ತಿಂಗಳದ್ದನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ ರಿಗ್ರೆಶನ್ ಗುಂಡಿ ಒತ್ತಿದೆ. ಹಿಂಡಿ ಇಷ್ಟು ಹೆಚ್ಚಿದರೆ ಹಾಲು ಎಷ್ಟು ಹೆಚ್ಚುತ್ತದೆ ಎಂದು ಗೆರೆ ಎಳೆದು ಹೇಳುವ ವಿದ್ಯೆ ಅದು. ಗೆರೆ ಬರಲಿಲ್ಲ. ಹಾಲಿನ ಕಾಲಂನಲ್ಲಿ ಅಂಕಿಯಲ್ಲದ್ದು ಏನೋ ಇದೆ ಎಂದು ತಕರಾರು ಬಂತು. ನೋಡಿದರೆ ಅಲ್ಲಲ್ಲಿ ಶಾಂತಾ ಬರೆದ 'ದೇವರಿಗೆ' ಎಂಬ ಪದ. ದೇವರಿಗೆ ಹೋದದ್ದು ನಮಗೆ ಬರಲಿಲ್ಲ, ಅಂದಮೇಲೆ ಸೊನ್ನೆ. ಎಲ್ಲ ಕಡೆ ಸೊನ್ನೆ ಬಡಿದೆ. ಗೆರೆ ಬಂತು.

ಆದರೆ ಕೆಳಗಿಳಿಯುತ್ತಿತ್ತು! ಹಿಂಡಿ ಹೆಚ್ಚಿದಷ್ಟೂ ಹಾಲು ಕಡಿಮೆ! ನನಗೆ ತಲೆಬುಡ ತಿಳಿಯಲಿಲ್ಲ. ಲ್ಯಾಪ್‌ಟಾಪನ್ನು ತಲೆಕೆಳಗಾಗಿ ಹಿಡಿದು ನೋಡಿದೆ. ಆಗಲೂ ಇಳಿಯುತ್ತಿತ್ತು.

ನಮ್ಮ ಸಾಲೆಯ ವಿಜ್ಞಾನದ ವೀರೇಶ ಮಾಸ್ತರರನ್ನು ಕೇಳಿದೆ. "ಸರ್, ಇಂಥಾ ಲೆಕ್ಕಕ್ಕ ಸ್ಪ್ರೆಡ್‌ಶೀಟ್ ನಂಬಬಾರದ್ರಿ. ಸಂಖ್ಯಾಶಾಸ್ತ್ರಕ್ಕಂತನ ಬ್ಯಾರೆ ಸಾಫ್ಟ್‌ವೇರ್ ಐತಿ," ಎಂದರು. ಅದಕ್ಕೂ ಹಾಕಿದೆವು. ಅದೇ ಉತ್ತರ, ದಶಮಾಂಶ ಬಿಂದುವಿನ ಮುಂದೆ ನಾಲ್ಕು ಅಂಕಿ ಹೆಚ್ಚು! ಗೊಂದಲ ಹಾಗೇ ಉಳಿಯಿತು, ಧೈರ್ಯ ಮಾತ್ರ ಬಂತು. ಗೆರೆಯ ಪ್ರಕಾರ ಹಿಂಡಿ ಪೂರಾ ನಿಲ್ಲಿಸಿದರೆ ಹನ್ನೊಂದು ಲೀಟರ್.

ಕುಬಸಕ್ಕೆ ಮೂರು ದಿನ ಮೊದಲೇ ಶಾಂತಾ ಎಮ್ಮೆಯನ್ನು ನನಗೊಪ್ಪಿಸಿ ತವರಿಗೆ ಹೋದಳು. ಹಿಂಡಿ ನಿಲ್ಲಿಸಿದೆ. ಮೊದಲ ದಿನ ಆರು ಲೀಟರ್. ಎರಡನೇ ದಿನ ನಾಲ್ಕು. ಮೂರನೇ ದಿನ, ಹಾಲು ಹಿಂಡಲು ಬರುತ್ತಿದ್ದ ಪಕ್ಕದ ಮನೆಯ ಗಂಗವ್ವ ಬಕೆಟ್ ಬಿಟ್ಟು ತಂಬಿಗೆ ಹಿಡಿದು ಬಂದಳು.

"ಮಾಸ್ತರ, ಎಮ್ಮಿ ನಿಮ್ಮ ಕಡೆ ಭಾಳ ಸಿಟ್ಟಿಲೆ ನೋಡಾಕತ್ತೈತ್ರಿ," ಎಂದಳು.

ಎರಡು ಲೀಟರ್ ಹಾಲು, ದಾರಿಯಲ್ಲಿ ಕೊಂಡ ಒಂದೊಂದು ಲೀಟರಿನ ಎಂಟು ಪ್ಯಾಕೆಟ್. ಹೀಗೆ ನಾನು ಹಿಟ್ನಾಳಕ್ಕೆ ಬಿಜಯಂಗೈದೆ. ತವರಿನವರು ಪ್ಯಾಕೆಟ್ ಎಣಿಸಿ ಒಳಗಿಟ್ಟರು. ಶಾಂತಾಳ ಮುಖ ಸಣ್ಣದಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಏನ್ ಮಾಡಿದ್ರಿ ನನ್ನ ಎಮ್ಮಿಗಿ?"

ನಾನು ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವಳು ಸೊನ್ನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು.

"ಇವೆಲ್ಲಾ ಸೋಮಾರ ಅದಾವ. ಸೋಮಾರ ನಮ್ಮನ್ಯಾಗ ಹಾಲು ಅಳೆಯಂಗಿಲ್ಲ, ಮಾರಂಗಿಲ್ಲ. ದೇವರ ದಿನ ಅಂತ ಎಮ್ಮಿಗೂ ಹಿಂಡಿ ಜಾಸ್ತಿ ಇಡ್ತೀನಿ. ಅವತ್ತ ಎಲ್ಲಾಕ್ಕಿಂತ ಜಾಸ್ತಿ ಹಾಲು ಕೊಡತೈತಿ!"

"ಹಂಗಾರ ಆ ಹಾಲು ಎಲ್ಲಿಗಿ ಹೋಗತೈತಿ?"

"ದೇವರಿಗಿ ಒಂದು ಬಟ್ಟಲ. ಓಣಿಯವರಿಗಿ ಒಂದಿಷ್ಟು. ಉಳಿದದ್ದು ಪಾಯಸ ಮಾಡ್ತೀನಿ. ಸೋಮಾರಕ್ಕೊಮ್ಮೆ ಮೂರು ಲೋಟ ಪಾಯಸ ಕುಡಿಯಾವ್ರು ಯಾರ್ರಿ?"

ಅತ್ತೆಯವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾಫ್ಟ್‌ವೇರ್ ಪಾಪ, ಮೊದಲೇ ತಕರಾರು ತೆಗೆದಿತ್ತು. ಹಿಂಡಿ ಹೆಚ್ಚಿದ್ದ ದಿನಗಳಿಗೇ ಸೊನ್ನೆ ಹಾಕಿ ಅದರ ಬಾಯಿಗೆ ತುರುಕಿ ಗೆರೆ ಇಳಿಸಿದವನು ನಾನೇ. ಆ ಸೊನ್ನೆಯ ಹಾಲನ್ನು ಕುಡಿದವನೂ ನಾನೇ!

ಎಮ್ಮೆ ಮತ್ತೆ ಎಂಟು ಲೀಟರಿಗೆ ಬರುವವರೆಗೂ ನನಗೆ ಪಾಯಸ ಬಂದ್ ಎಂದು ಶಾಂತಾ ಆಜ್ಞೆ ಹೊರಡಿಸಿದ್ದಾಳೆ. ಹೀಗಾಗಿ ಈಗ ನನ್ನ ಸೋಮವಾರದ ಸೊನ್ನೆ ನೂರಕ್ಕೆ ನೂರು ಸರಿಯಾಗಿದೆ.